ನಿಜದ ನವಿಲು, ಸುಳ್ಳು ಚಿತ್ರ

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಕೃತಕ ಬುದ್ಧಿಮತ್ತೆಯ ಈ ಕಾಲದಲ್ಲಿ ಆ ಮಾತು ಎಷ್ಟು ಬೇಕು ಅನ್ನುವುದಕ್ಕೆ ನಮ್ಮೂರಿನದೇ ಒಂದು ಉದಾಹರಣೆ ಇದೆ.

ಬೇಗಂಪೇಟೆಯಲ್ಲಿ ಮೆಟ್ರೋ ಹತ್ತಿ ಕೊನೆಯ ನಿಲ್ದಾಣ ರಾಯದುರ್ಗದಲ್ಲಿ ಇಳಿದರೆ ಗಚ್ಚಿಬೌಲಿ ಬಹಳ ದೂರವೇನಲ್ಲ. ಅಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯದ ಪಕ್ಕದಲ್ಲೇ ಇದೆ, ಕಂಚ ಗಚ್ಚಿಬೌಲಿಯ 400 ಎಕರೆ ಭೂಮಿ. 2025ರ ಯುಗಾದಿ, ರಂಜಾನ್ ರಜೆಯ ಹೊತ್ತಿನಲ್ಲಿ ಬುಲ್ಡೋಜರುಗಳು ಬಂದು ಅಲ್ಲಿನ ಮರಗಳನ್ನು ಉರುಳಿಸತೊಡಗಿದವು. ವಿದ್ಯಾರ್ಥಿಗಳು ಪ್ರತಿಭಟಿಸಿದರು. ಏಪ್ರಿಲ್ 3ರಂದು ಸುಪ್ರೀಂ ಕೋರ್ಟ್ ತಡೆ ನೀಡಿತು.

ಆ ದಿನಗಳಲ್ಲಿ ನಮ್ಮ ಮೊಬೈಲುಗಳಿಗೆ ಬಂದ ಚಿತ್ರಗಳು ನೆನಪಿವೆಯಲ್ಲ? ಯಂತ್ರಗಳ ಮುಂದೆ ದಿಕ್ಕೆಟ್ಟು ಓಡುವ ಜಿಂಕೆಗಳು, ನವಿಲುಗಳು. ನೋಡಿದವರ ಕರುಳು ಚುರುಕ್ ಎಂದಿತು. ಹೆಸರಾಂತರೂ ಹಂಚಿಕೊಂಡರು. ಆದರೆ ಅವುಗಳಲ್ಲಿ ಕೆಲವನ್ನು ಯಾವ ಕ್ಯಾಮೆರಾವೂ ತೆಗೆದಿರಲಿಲ್ಲ, ಕಂಪ್ಯೂಟರ್ ಸೃಷ್ಟಿಸಿತ್ತು.

ಆಮೇಲೆ ಏನಾಯಿತು? ಇದೆಲ್ಲ ಸುಳ್ಳು ಪ್ರಚಾರ ಎಂದು ಸರ್ಕಾರ ಹೇಳಿತು. ಪೊಲೀಸ್ ಕೇಸುಗಳಾದವು. ಮಾತು ಮರವನ್ನು ಬಿಟ್ಟು ಚಿತ್ರದ ಕಡೆಗೆ ಜಾರಿತು. ಆದರೆ ಸುಪ್ರೀಂ ಕೋರ್ಟಿನ ಆದೇಶದಂತೆ ಹೈಕೋರ್ಟಿನ ರಿಜಿಸ್ಟ್ರಾರ್ ಸ್ಥಳಕ್ಕೇ ಹೋಗಿ ನೋಡಿ ವರದಿ ಕೊಟ್ಟಿದ್ದರು: ಸುಮಾರು 100 ಎಕರೆ ನೆಲಸಮ, ಅಲ್ಲಿ ನವಿಲು, ಜಿಂಕೆಗಳೂ ಕಂಡವು. ಅಂದರೆ ಮರ ಕಡಿದದ್ದು ನಿಜ, ನವಿಲೂ ನಿಜ. ಸುಳ್ಳು ಚಿತ್ರ ಆ ನಿಜಕ್ಕೇ ಮಸಿ ಬಳಿಯಿತು.

2023ರ ನವೆಂಬರಿನಲ್ಲಿ ಕೊಡಗಿನ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಮಹಿಳೆಯ ವಿಡಿಯೋಗೆ ಅಂಟಿಸಿದ್ದರು. ಅದರ ವಿರುದ್ಧ ಅವರೇ ದನಿಯೆತ್ತಿದರು. ಮುಂದಿನ ಜನವರಿಯಲ್ಲಿ ಒಬ್ಬನ ಬಂಧನವೂ ಆಯಿತು. ನವಿಲು ಹಾಗೆ ಬಂದು ಹೇಳೀತೇ? ಅದರ ಪರವಾಗಿ ಮಾತಾಡುವವರು ನಾವೇ. ನಮ್ಮ ಮಾತಿಗೆ ಬೆಲೆ ಉಳಿಯಬೇಡವೇ?

ಅದಕ್ಕೇ, ಯಾವುದೇ ಚಿತ್ರವನ್ನು ಮುಂದಕ್ಕೆ ಕಳಿಸುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳೋಣ. ಯಾರು ತೆಗೆದದ್ದು? ಎಲ್ಲಿ? ಯಾವಾಗ? ಉತ್ತರ ಸಿಗದಿದ್ದರೆ ಕಳಿಸುವುದು ಬೇಡ. ಎದುರು ಪಕ್ಷದವರ ಚಿತ್ರವನ್ನು ನಾವು ಹೇಗೂ ಅನುಮಾನಿಸುತ್ತೇವೆ. ನಮ್ಮ ಮನಸ್ಸಿಗೆ ಒಪ್ಪುವ ಚಿತ್ರ ಬಂದಾಗಲೇ ಬೆರಳನ್ನು ಒಂದು ಗಳಿಗೆ ತಡೆಯಬೇಕು.