ನಮ್ಮ ಕಡೆ ತಿರುಗಿದ ಪರದೆ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು 2005ರಲ್ಲಿ ಇಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವನು. ಆಮೇಲೆ ಬಿ.ಇ. ಮಾಡಿ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಭಾಷಣ ಮಾಡಿ ಅಭ್ಯಾಸವಿಲ್ಲ. ಮುಖ್ಯೋಪಾಧ್ಯಾಯರು ಫೋನ್ ಮಾಡಿ, ‘ಕಂಪ್ಯೂಟರ್ ಬಗ್ಗೆ ಊರಿನವರಿಗೆ ಉಪಯೋಗವಾಗುವಂಥದ್ದು ಏನಾದರೂ ಹೇಳಪ್ಪ’ ಎಂದರು. ಸರ್ಕಾರ ಇಂಟರ್ನೆಟ್ಟಿನ ಮೂಲಕ ಜನರ ಜೊತೆ ಮಾತಾಡುವುದು ಹೇಗೆ ನಡೆಯುತ್ತಿದೆ, ಎಲ್ಲಿ ನಿಂತುಹೋಗುತ್ತಿದೆ ಎಂಬುದನ್ನು ನನ್ನ ಅನುಭವದಿಂದ ಹೇಳುತ್ತೇನೆ. ಅದರಲ್ಲಿ ನನ್ನದೇ ಒಂದು ತಪ್ಪಿನ ಕಥೆಯೂ ಇದೆ.

ಮೊದಲು ಒಂದು ನೆನಪು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಅಪ್ಪನ ಜೊತೆ ತಾಲ್ಲೂಕು ಕಚೇರಿಗೆ ಪಹಣಿ ತರಲು ಹೋಗಿದ್ದೆ. ಆಗ ಭೂಮಿ ಯೋಜನೆ ಹೊಸದು. ಅದಕ್ಕೆ ಮೊದಲು ರಾಜ್ಯದ ಜಮೀನಿನ ಲೆಕ್ಕವೆಲ್ಲ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿತ್ತು. ಅವರು ಸಿಕ್ಕಿದ ದಿನ ಪಹಣಿ, ಸಿಗದಿದ್ದರೆ ಇನ್ನೊಂದು ದಿನ. ಭೂಮಿ ಬಂದ ಮೇಲೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿದವು. 15 ರೂಪಾಯಿ ಕೊಟ್ಟರೆ ಪ್ರಿಂಟ್ ಕೈಗೆ ಬರುತ್ತಿತ್ತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕೆಂಬ ಕಟ್ಟುಪಾಡನ್ನೂ ಕಂಪ್ಯೂಟರಿನೊಳಗೇ ಇಟ್ಟಿದ್ದರು.

ಅವತ್ತು ನನಗೆ ಈ ಲೆಕ್ಕವೆಲ್ಲ ಗೊತ್ತಿರಲಿಲ್ಲ. ನೆನಪಿರುವುದು ಒಂದೇ: ಕೌಂಟರಿನಲ್ಲಿ ಎರಡು ಪರದೆಗಳಿದ್ದವು. ಒಂದು ನೌಕರರ ಕಡೆಗೆ, ಇನ್ನೊಂದು ನಮ್ಮ ಕಡೆಗೆ. ಒಳಗಿನವರು ಏನು ನೋಡುತ್ತಿದ್ದರೋ ಅದೇ ಹೊರಗೆ ನಿಂತವರಿಗೂ ಕನ್ನಡದಲ್ಲೇ ಕಾಣುತ್ತಿತ್ತು. ನಾಲ್ಕನೇ ಕ್ಲಾಸು ಓದಿದ್ದ ಅಪ್ಪ ತಮ್ಮ ಹೆಸರು, ಸರ್ವೆ ನಂಬರು, ಎಕರೆ ಗುಂಟೆಯನ್ನು ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು. ‘ಸರಿಯಾಗಿದೆ ಸಾರ್’ ಎಂದು ಹೇಳಿದ ಮೇಲೆಯೇ ದುಡ್ಡು ಕೊಟ್ಟರು. ಸರ್ಕಾರಿ ಕಚೇರಿಯಲ್ಲಿ ಅಪ್ಪ ಅಷ್ಟು ನೆಟ್ಟಗೆ ನಿಂತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಈಗ ನನ್ನ ತಪ್ಪಿನ ಕಥೆ. ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಒಂದು ಸರ್ಕಾರಿ ಕಚೇರಿಗೆ ಜನ ದೂರು ಬರೆಯುವ ಪುಟವೊಂದನ್ನು ನಮ್ಮ ತಂಡ ಮಾಡಬೇಕಿತ್ತು. ದೂರು ಬರೆಯುವ ಜಾಗದಲ್ಲಿ ಯಾರೂ ಕಿಡಿಗೇಡಿ ಸಂಕೇತಗಳನ್ನು ತುರುಕಬಾರದು, ಅದಕ್ಕೊಂದು ತಪಾಸಣೆ ಬರೆ ಎಂದು ಹಿರಿಯರು ನನಗೆ ಹೇಳಿದರು. ನಾನು ಒಂದೇ ಸಾಲು ಬರೆದೆ: ಎ ಯಿಂದ ಝಡ್ ವರೆಗಿನ ಇಂಗ್ಲಿಷ್ ಅಕ್ಷರ, ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿ, ಜೊತೆಗೆ ಪೂರ್ಣವಿರಾಮ, ಅಲ್ಪವಿರಾಮ. ಇಷ್ಟನ್ನು ಬಿಟ್ಟು ಬೇರೆ ಏನು ಬಂದರೂ ಹಿಂದಕ್ಕೆ ಕಳಿಸು. ಇಂಗ್ಲಿಷಿನಲ್ಲಿ ನಾಲ್ಕು ಪದ ಹೊಡೆದು ನೋಡಿದೆ, ಕೆಲಸ ಮಾಡಿತು. ಪುಟ ಉದ್ಘಾಟನೆಯಾಯಿತು, ನಮಗೆಲ್ಲ ಸಿಹಿ ಹಂಚಿದರು.

ಆ ವರ್ಷ ಗೌರಿ ಹಬ್ಬಕ್ಕೆ ಊರಿಗೆ ಬಂದೆ. ನಮ್ಮ ಬೀದಿಯ ತೊಂಬೆಗೆ ಇಪ್ಪತ್ತು ದಿನದಿಂದ ನೀರಿರಲಿಲ್ಲ. ಪಕ್ಕದ ಮನೆಯ ಪಿಯುಸಿ ಹುಡುಗ ಮೊಬೈಲಿನಲ್ಲಿ ದೂರು ಬರೆಯಲು ಕೂತಿದ್ದ. ಪಾಪ, ಒಳ್ಳೆಯ ಕನ್ನಡದಲ್ಲಿ ಬರೆದಿದ್ದ. ಕಳಿಸಲು ಒತ್ತಿದಾಗಲೆಲ್ಲ ಕೆಂಪಕ್ಷರದಲ್ಲಿ ಇಂಗ್ಲಿಷಿನ ಒಂದು ಸಾಲು ಬಂದು ನಿಲ್ಲುತ್ತಿತ್ತು. ನಾಲ್ಕು ಸಲ ಬರೆದ, ನಾಲ್ಕು ಸಲವೂ ಅದೇ. ಜಗಲಿಯ ಮೇಲಿದ್ದ ನಮ್ಮ ದೊಡ್ಡವ್ವ ನನ್ನ ಕಡೆ ತಿರುಗಿ, ‘ಕನ್ನಡದಲ್ಲಿ ಬರುದ್ರೆ ತಗಳಲ್ವಂತೆ ಕಣಪ್ಪ. ಇಂಗ್ಲಿಷ್ ಬಂದೋರಿಗೆ ಮಾತ್ರ ನೀರಾ?’ ಎಂದರು.

ನಾನು ಮೊಬೈಲ್ ತೆಗೆದುಕೊಂಡು ನೋಡಿದೆ. ಅದು ನಾವು ಮಾಡಿದ ಪುಟ. ಆ ಕೆಂಪು ಸಾಲು ಬರುತ್ತಿದ್ದದ್ದು ನಾನು ಬರೆದ ತಪಾಸಣೆಯಿಂದ. ಇದೇ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ನಾನು, ನನ್ನ ಬೀದಿಯವರ ಕನ್ನಡವನ್ನೇ ತಪ್ಪು ಅಕ್ಷರ ಎಂದು ವಾಪಸು ಕಳಿಸುತ್ತಿದ್ದೆ. ಅವತ್ತು ಬಾಯಿ ಬಿಡಲಿಲ್ಲ. ‘ಸರ್ವರ್ ಸರಿಯಿಲ್ಲ’ ಎಂದು ಸುಳ್ಳು ಹೇಳಿದೆ. ದೊಡ್ಡವ್ವ ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ದೊಡ್ಡವ್ವ, ಆ ಸಾಲು ಬರೆದವನು ನಾನೇ.

ಬೆಂಗಳೂರಿಗೆ ಹೋಗಿ ಅದನ್ನು ಸರಿಪಡಿಸಿದೆ. ತಿದ್ದುವುದಕ್ಕೆ ಅರ್ಧ ಗಂಟೆ, ಅನುಮತಿ ಸಿಗುವುದಕ್ಕೆ ಒಂದೂವರೆ ತಿಂಗಳು. ಆಮೇಲೆ ಕನ್ನಡದ ದೂರುಗಳು ಬರತೊಡಗಿದವು. ಆಗ ಇನ್ನೊಂದು ವಿಷಯ ಕಂಡಿತು. ಬಂದ ದೂರುಗಳೆಲ್ಲ ಒಂದು ಇಮೇಲ್ ಪೆಟ್ಟಿಗೆಗೆ ಹೋಗಿ ಬೀಳುತ್ತಿದ್ದವು. ಅದನ್ನು ತೆರೆದು ನೋಡುವವರನ್ನೇ ಆ ಕಚೇರಿ ನೇಮಿಸಿರಲಿಲ್ಲ. ಕೇಳಿದರೆ, ‘ಟೆಂಡರಿನಲ್ಲಿ ದೂರು ಸ್ವೀಕರಿಸುವ ಪುಟ ಅಂತಿದೆ, ಉತ್ತರ ಕೊಡುವ ಪುಟ ಅಂತಿಲ್ಲವಲ್ಲ’ ಎಂಬ ಮಾತು ಬಂತು. ನಮ್ಮ ತೊಂಬೆಗೆ ನೀರು ಬಂದದ್ದು ಬೀದಿಯ ಹೆಂಗಸರು ಕೊಡ ಹಿಡಿದು ಪಂಚಾಯಿತಿ ಮುಂದೆ ಕೂತ ಮೇಲೆ.

ಇದರಿಂದ ನಾನು ಕಲಿತದ್ದು ಇಷ್ಟು. ಪುಟ ಎಷ್ಟು ಚೆಂದವಾಗಿದೆ ಎಂಬುದು ಮುಖ್ಯವಲ್ಲ. ಮೂರು ವಿಷಯ ನೋಡಬೇಕು. ನಮ್ಮ ಭಾಷೆಯಲ್ಲಿದೆಯೇ? ನಾವು ಬರೆದದ್ದಕ್ಕೆ ಒಂದು ನಂಬರು ಕೊಡುತ್ತದೆಯೇ? ಯಾರು, ಯಾವ ದಿನದೊಳಗೆ ಉತ್ತರ ಕೊಡಬೇಕು ಎಂದು ಹೇಳುತ್ತದೆಯೇ?

ಇವು ನನ್ನ ಆಸೆಗಳಷ್ಟೇ ಅಲ್ಲ, ಕಾನೂನಿನಲ್ಲೂ ಇವೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ, ಯಾರೂ ಅರ್ಜಿ ಹಾಕದಿದ್ದರೂ ಕಚೇರಿಗಳು ತಮ್ಮ ಕೆಲಸ, ಅಧಿಕಾರ, ಖರ್ಚುವೆಚ್ಚದ ವಿವರಗಳನ್ನು ತಾವಾಗಿಯೇ ಪ್ರಕಟಿಸಬೇಕು. ಹಾಗೆ ತಿಳಿಸುವಾಗ ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕು ಎಂದೂ ಅದೇ ಸೆಕ್ಷನ್ ಹೇಳುತ್ತದೆ. ನಮ್ಮ ರಾಜ್ಯದಲ್ಲಿ 2012ರ ಏಪ್ರಿಲ್ 2ರಂದು ಸಕಾಲ ಶುರುವಾಯಿತು. ಆರಂಭದಲ್ಲಿ 11 ಇಲಾಖೆಗಳ 151 ಸೇವೆಗಳಿದ್ದವು. ಅರ್ಜಿ ಕೊಟ್ಟರೆ 15 ಅಂಕಿಯ ಸಂಖ್ಯೆಯಿರುವ ಸ್ವೀಕೃತಿ ಪತ್ರ ಕೊಡಬೇಕು. ಆ ಸಂಖ್ಯೆ ಹಾಕಿ ಅರ್ಜಿ ಎಲ್ಲಿದೆ ಎಂದು ನೋಡಬಹುದು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಲು ಅವಕಾಶವಿದೆ. 20 ರೂಪಾಯಿ ದೊಡ್ಡದಲ್ಲ. ಆದರೆ ತಡ ಮಾಡಿದವರ ಹೆಸರು ದಾಖಲೆಗೆ ಬರುತ್ತದೆ ಎಂಬುದು ದೊಡ್ಡದು. ಅರ್ಜಿ ಕೊಟ್ಟು ಸುಮ್ಮನೆ ಬರಬೇಡಿ, ಸ್ವೀಕೃತಿ ಪತ್ರ ಕೇಳಿ ತೆಗೆದುಕೊಳ್ಳಿ.

ಜನ ಬರೆದರೆ ದೆಹಲಿಯೂ ಕೇಳುತ್ತದೆಯೇ? ಒಂದು ಉದಾಹರಣೆ ಕೊಡುತ್ತೇನೆ. ಕೆಲವು ಆ್ಯಪ್‌ಗಳಿಗೆ ಒಂದು ದರ, ಉಳಿದವಕ್ಕೆ ಇನ್ನೊಂದು ದರ ಹಾಕಲು ಮೊಬೈಲ್ ಕಂಪನಿಗಳಿಗೆ ಬಿಡಬೇಕೇ ಎಂಬ ಚರ್ಚೆ ಎದ್ದಿತ್ತು. 2015ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಇಂಥ ವಿಷಯಗಳ ಮೇಲೆ ಸಾರ್ವಜನಿಕರ ಅಭಿಪ್ರಾಯ ಕೇಳಿತು. 10 ಲಕ್ಷಕ್ಕೂ ಹೆಚ್ಚು ಇಮೇಲ್‌ಗಳು ಹೋದವು. ನನ್ನದೂ ಒಂದಿತ್ತು. ಮತ್ತೊಂದು ಸುತ್ತಿನ ಚರ್ಚೆಯಾದ ಮೇಲೆ 2016ರ ಫೆಬ್ರವರಿ 8ರಂದು ಟ್ರಾಯ್ ಅಂಥ ತಾರತಮ್ಯದ ದರಗಳನ್ನು ನಿಷೇಧಿಸಿತು. ಸಂತೋಷಪಟ್ಟೆ. ಆಮೇಲೆ ಯೋಚನೆ ಬಂತು: ಆ ಚರ್ಚಾಪತ್ರ ನೂರಕ್ಕೂ ಹೆಚ್ಚು ಪುಟಗಳ ಇಂಗ್ಲಿಷು. ದೇಶದ ಅಭಿಪ್ರಾಯ ಎಂದದ್ದರಲ್ಲಿ ನಮ್ಮೂರಿನ ಅಂಗಡಿಯವರ ಅಭಿಪ್ರಾಯ ಎಷ್ಟಿತ್ತು? ದರ ಕೊಡುವವರಲ್ಲಿ ಅವರೂ ಇದ್ದರಲ್ಲ.

ಹಾಗಾಗಿ ತಪ್ಪು ಸರ್ಕಾರದ್ದು ಮಾತ್ರ ಎನ್ನಲಾರೆ. ಮಾಡಿಕೊಡುವ ನನ್ನಂಥವರದೂ ಇದೆ. ತೆರೆದಿಟ್ಟದ್ದನ್ನು ಓದದಿರುವ ನಮ್ಮೆಲ್ಲರದೂ ಸ್ವಲ್ಪ ಇದೆ. ಉದ್ಯೋಗ ಖಾತರಿಯಲ್ಲಿ ಯಾರ ಜಾಬ್ ಕಾರ್ಡಿಗೆ ಎಷ್ಟು ದಿನದ ಕೂಲಿ ಬಿದ್ದಿದೆ ಎಂಬುದು ಯಾರು ಬೇಕಾದರೂ ನೋಡುವಂತೆ ಇಂಟರ್ನೆಟ್ಟಿನಲ್ಲಿದೆ. 2020ರಲ್ಲಿ ಬಂದ ಇ-ಗ್ರಾಮ ಸ್ವರಾಜ್‌ನಲ್ಲಿ ಪಂಚಾಯಿತಿಯ ಯೋಜನೆ, ಖರ್ಚು ಕಾಣುತ್ತದೆ. ನಮ್ಮ ರಾಜ್ಯದ ಮಾಹಿತಿ ಕಣಜದಲ್ಲಿ ಹಲವು ಇಲಾಖೆಗಳ ವಿವರ ಕನ್ನಡದಲ್ಲೇ ಸಿಗುತ್ತದೆ. ನಮ್ಮಲ್ಲಿ ಎಷ್ಟು ಜನ ಇವುಗಳನ್ನು ಒಮ್ಮೆಯಾದರೂ ತೆರೆದಿದ್ದೇವೆ?

ಈ ಮಹೋತ್ಸವಕ್ಕೆ ನಮ್ಮ ಬ್ಯಾಚಿನವರು ಶಾಲೆಗೆ ಐದು ಕಂಪ್ಯೂಟರ್ ಕೊಟ್ಟಿದ್ದೇವೆ. ಗುರುಗಳಲ್ಲಿ ನನ್ನದೊಂದು ವಿನಂತಿ. ಪ್ರತಿ ಗ್ರಾಮಸಭೆಗೆ ಮುಂಚಿನ ಶನಿವಾರ ಮಧ್ಯಾಹ್ನ ಕಂಪ್ಯೂಟರ್ ಕೋಣೆಯನ್ನು ಊರಿಗೆ ತೆರೆಯೋಣ. ಒಂಬತ್ತನೇ ಕ್ಲಾಸಿನ ಮಕ್ಕಳು ನಮ್ಮ ಪಂಚಾಯಿತಿಯ ಪುಟ ತೆಗೆದು ಗಟ್ಟಿಯಾಗಿ ಓದಲಿ, ದೊಡ್ಡವರು ಕೇಳಲಿ. ಸಂಶಯ ಬಂದದ್ದನ್ನು ಬರೆದಿಟ್ಟುಕೊಂಡು ಗ್ರಾಮಸಭೆಯಲ್ಲಿ ಕೇಳೋಣ. ಪಂಚಾಯಿತಿಯವರು ಇದನ್ನು ತಕರಾರು ಎಂದುಕೊಳ್ಳಬಾರದು. ಒಳ್ಳೆಯ ಕೆಲಸ ಮಾಡಿದ್ದರೆ ಅದೂ ಎಲ್ಲರಿಗೂ ಗೊತ್ತಾಗುತ್ತದೆ. ಸರ್ಕಾರಕ್ಕೆ ದೂರು ಕೊಡಬೇಕೆಂದರೆ 1902ಕ್ಕೆ ಫೋನ್ ಮಾಡಬಹುದು, ನಂಬರು ಬರೆದಿಟ್ಟುಕೊಳ್ಳಿ. ಒಂದು ಎಚ್ಚರಿಕೆ: ಇದ್ಯಾವುದಕ್ಕೂ ಬ್ಯಾಂಕಿನ ಒಟಿಪಿ ಬೇಕಾಗಿಲ್ಲ. ಕೇಳಿದವರು ಯಾರೇ ಆಗಲಿ, ಹೇಳಬೇಡಿ. ಮೊದಲ ಎರಡು ಶನಿವಾರ ನಾನೇ ಬರುತ್ತೇನೆ. ಆಮೇಲೆ ಬೇರೆ ಗೆಳೆಯರು ಸರದಿ ತೆಗೆದುಕೊಳ್ಳುತ್ತೇವೆ.

ಕೊನೆಯ ಮಾತು. ಹತ್ತನೇ ಕ್ಲಾಸಿನಲ್ಲಿ ಕನ್ನಡ ಮೇಷ್ಟ್ರು ನಮಗೆ ಪತ್ರಲೇಖನ ಕಲಿಸಿದರು. ಇಂದ, ಇವರಿಗೆ, ಮಾನ್ಯರೇ, ವಿಷಯ. ಕೆಳಗೆ ಸ್ಥಳ, ದಿನಾಂಕ. ದಿನಾಂಕ ಮರೆತರೆ ಅರ್ಧ ಅಂಕ ಕಳೆಯುತ್ತಿದ್ದರು. ನಾನು ಒಮ್ಮೆ ಜಗಳ ಮಾಡಿದ್ದಕ್ಕೆ, ‘ಲೋ, ದಿನಾಂಕ ಇಲ್ಲದ ಅರ್ಜಿಗೆ ಉತ್ತರ ಯಾವಾಗ ಕೊಟ್ಟರೂ ಆಯಿತಲ್ಲೋ’ ಎಂದಿದ್ದರು. ಅವತ್ತು ಅದು ಅರ್ಧ ಅಂಕದ ವಿಷಯ ಅಂದುಕೊಂಡಿದ್ದೆ. ಈಗ ನಾನು ಯಾವ ಕಚೇರಿಗೆ ಪುಟ ಮಾಡಿಕೊಟ್ಟರೂ ಮೊದಲು ಕನ್ನಡದಲ್ಲಿ ನಮ್ಮ ಬೀದಿಯ ನೀರಿನ ದೂರು ಬರೆದು ನೋಡುತ್ತೇನೆ. ಆಮೇಲೆ ಕೇಳುತ್ತೇನೆ: ಇದಕ್ಕೆ ಉತ್ತರ ಕೊಡುವವರು ಯಾರು, ಯಾವ ದಿನಾಂಕದೊಳಗೆ?

ಆ ಪ್ರಶ್ನೆ ಕಲಿಸಿದ್ದು ಈ ಶಾಲೆ.