ಸದ್ದು ಇಲ್ಲಿ, ವಿಮಾನ ಅಲ್ಲಿ

ಮಕ್ಕಳೇ, ನಮ್ಮ ಚೌಳಹಿರಿಯೂರಿನ ಕಡೆಯದು ಬಯಲುಸೀಮೆ. ಹೊಲದ ಬದುವಿನಲ್ಲಿ ನಿಂತರೆ ಆಕಾಶ ಧಾರಾಳವಾಗಿ ಕಾಣುತ್ತದೆ. ಮೇಲೆಲ್ಲೋ ವಿಮಾನದ ಸದ್ದು ಕೇಳಿಸಿತು ಅನ್ನಿ, ಎಲ್ಲರೂ ತಲೆ ಎತ್ತುತ್ತೇವೆ. ಸದ್ದು ಬಂದ ಜಾಗದಲ್ಲಿ ಹುಡುಕಿದರೆ ಅಲ್ಲಿ ಏನೂ ಇಲ್ಲ! ವಿಮಾನ ಆಗಲೇ ಎಷ್ಟೋ ಮುಂದೆ ಸಾಗುತ್ತಿರುತ್ತದೆ. ಯಾಕೆ ಹೀಗೆ?

ಇದನ್ನು ನನಗೆ ಹೇಳಿಕೊಟ್ಟವರು ನನ್ನ ಅಪ್ಪ. ಅವರು ಪ್ರಯಾಣಿಕರ ವಿಮಾನ ನಡೆಸುತ್ತಿದ್ದ ಪೈಲಟ್. ಈಗ ಅವರಿಲ್ಲ. ರಜೆಗೆ ಊರಿಗೆ ಬಂದಾಗಲೂ ಅವರ ಕಣ್ಣು ಆಕಾಶದ ಮೇಲೇ ಇರುತ್ತಿತ್ತು. “ಸದ್ದು ಬಂದ ಕಡೆ ನೋಡಬೇಡ ಮಗಾ, ಅದರ ಮುಂದಕ್ಕೆ ನೋಡು” ಅನ್ನುತ್ತಿದ್ದರು.

ದೂರದೂರಿಗೆ ಹೋಗುವ ದೊಡ್ಡ ವಿಮಾನ ಸುಮಾರು 10 ಕಿಲೋಮೀಟರ್ ಎತ್ತರದಲ್ಲಿ ಹಾರುತ್ತದೆ. ನಮ್ಮ ಜಿಲ್ಲೆಯ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಅಂಥ ಐದು ಬೆಟ್ಟಗಳನ್ನು ಒಂದರ ಮೇಲೊಂದು ನಿಲ್ಲಿಸಿದರೂ ವಿಮಾನ ಇನ್ನೂ ಸ್ವಲ್ಪ ಮೇಲೇ ಇರುತ್ತದೆ. ಅಲ್ಲಿ ಗಾಳಿ ತೆಳು, ನೆಲದ ಬಳಿ ಇರುವುದರ ಮೂರನೇ ಒಂದು ಭಾಗದಷ್ಟೇ. ತೆಳು ಗಾಳಿ ವಿಮಾನವನ್ನು ಅಷ್ಟಾಗಿ ತಡೆಯುವುದಿಲ್ಲ. ಹಾಗಾಗಿ ಕಡಿಮೆ ಇಂಧನದಲ್ಲಿ ಹೆಚ್ಚು ದೂರ ಹೋಗಬಹುದು.

ಅಷ್ಟು ಎತ್ತರದಿಂದ ಬೆಳಕು ನಮ್ಮ ಕಣ್ಣಿಗೆ ತಲುಪಲು ಒಂದು ಸೆಕೆಂಡಿನ ಮೂವತ್ತು ಸಾವಿರದಲ್ಲಿ ಒಂದು ಪಾಲು ಸಾಕು. ಸದ್ದಿನ ನಡಿಗೆ ನಿಧಾನ. ನೆಲದ ಬಳಿ ಅದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ, ಮೇಲಿನ ಕೊರೆಯುವ ಚಳಿಯಲ್ಲಿ ಇನ್ನೂ ಕಡಿಮೆ. ನಮ್ಮ ತಲೆಯ ಮೇಲಿಂದ ಹೊರಟ ಸದ್ದು ಕಿವಿಗೆ ಬೀಳುವಷ್ಟರಲ್ಲಿ ಸುಮಾರು ಅರ್ಧ ನಿಮಿಷ ಕಳೆದಿರುತ್ತದೆ. ಸೆಕೆಂಡಿಗೆ 240 ಮೀಟರಿನಂತೆ ಹಾರುವ ವಿಮಾನ ಅಷ್ಟರಲ್ಲಿ ಏಳು ಕಿಲೋಮೀಟರ್ ದಾಟಿರುತ್ತದೆ. ಹೆಚ್ಚುಕಡಿಮೆ ಕಡೂರಿನಿಂದ ಬೀರೂರಿಗೆ ಇರುವಷ್ಟು ದೂರ!

ಇದನ್ನು ನೀವೇ ಅಳೆಯಬಹುದು. ಅಪ್ಪ ಕಲಿಸಿದ ಉಪಾಯ ಇದು. ಕೈಯನ್ನು ನೀಳವಾಗಿ ಚಾಚಿ ಮುಷ್ಟಿ ಹಿಡಿಯಿರಿ. ಒಂದು ಮುಷ್ಟಿಯ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ ಕೋನ. ನಿಮ್ಮ ಮುಷ್ಟಿ ಚಿಕ್ಕದು ನಿಜ, ಆದರೆ ತೋಳೂ ಗಿಡ್ಡ, ಹಾಗಾಗಿ ಲೆಕ್ಕ ಸರಿಹೋಗುತ್ತದೆ. ವಿಮಾನ ನೆತ್ತಿಯ ಮೇಲೆ ಹಾದುಹೋಗಲಿ. ಸದ್ದು ನೆತ್ತಿಯ ಮೇಲಿಂದ ಬಂದಂತೆ ಕೇಳಿದ ಕೂಡಲೇ, ಅಲ್ಲಿಂದ ವಿಮಾನದವರೆಗೆ ಎಷ್ಟು ಮುಷ್ಟಿ ಎಂದು ಎಣಿಸಿ. ಮೂರೂವರೆಯಿಂದ ನಾಲ್ಕು ಬರಬೇಕು. ಸೂರ್ಯನಿರುವ ಕಡೆ ಮಾತ್ರ ನೋಡಲೇಬೇಡಿ.

ಇಲ್ಲಿ ಒಂದು ಸೊಗಸಿದೆ. ವಿಮಾನ ಇನ್ನಷ್ಟು ಮೇಲಿದ್ದರೆ ಸದ್ದು ಇನ್ನಷ್ಟು ತಡವಾಗುತ್ತದೆ, ವಿಮಾನವೂ ಅದಕ್ಕೆ ತಕ್ಕಂತೆ ಇನ್ನಷ್ಟು ಮುಂದೆ ಹೋಗಿರುತ್ತದೆ. ಕೋನ ಮಾತ್ರ ಹೆಚ್ಚುಕಡಿಮೆ ಅದೇ! ಮುಷ್ಟಿಗಳ ಲೆಕ್ಕ ಹೇಳುವುದು ಎತ್ತರವನ್ನಲ್ಲ, ವೇಗವನ್ನು.

ವಿಮಾನ ನಿಧಾನವಾಗಿದ್ದರೆ? ಹಿಂದಿನ ಕಾಲದ ಒಂದು ವಿಮಾನವನ್ನು ನೋಡೋಣ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಮುಂಬಯಿಗೆ ಟಪಾಲು ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಅವರು ನಮ್ಮ ಬಳ್ಳಾರಿಯ ಮೂಲಕ ಅದನ್ನು ಮದ್ರಾಸಿಗೆ ಒಯ್ದರು. ಆ ವಿಮಾನದ ವೇಗ ಗಂಟೆಗೆ ಸುಮಾರು 160 ಕಿಲೋಮೀಟರ್. ಅಂದು ಬಳ್ಳಾರಿಯ ಮಕ್ಕಳು ಹೀಗೆ ಅಳೆದಿದ್ದರೆ ಒಂದು ಮುಷ್ಟಿಯೂ ತುಂಬುತ್ತಿರಲಿಲ್ಲ. ಸದ್ದು ಬಂದ ಕಡೆಯೇ ವಿಮಾನವೂ ಕಾಣುತ್ತಿತ್ತು.

ಅಳೆದದ್ದನ್ನು ಬರೆದಿಡುವುದೂ ಮುಖ್ಯ. ಪೈಲಟ್‌ಗಳು ಪ್ರತಿ ಹಾರಾಟವನ್ನೂ ಲಾಗ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ತಾರೀಖು, ವಿಮಾನದ ನಂಬರು, ಎಲ್ಲಿಂದ ಎಲ್ಲಿಗೆ, ಹಗಲಲ್ಲಿ ಎಷ್ಟು ಹೊತ್ತು, ರಾತ್ರಿಯಲ್ಲಿ ಎಷ್ಟು ಹೊತ್ತು. ಭಾರತದ ವಿಮಾನಗಳ ನಂಬರು ‘ವಿಟಿ’ ಎಂದೇ ಶುರುವಾಗುತ್ತದೆ. ಅಪ್ಪನ ಲಾಗ್‌ಬುಕ್ಕುಗಳು ಈಗ ನನ್ನ ಬಳಿ ಇವೆ. ಹಬ್ಬದ ದಿನಗಳಲ್ಲಿ ಅಪ್ಪ ಯಾಕೆ ಮನೆಯಲ್ಲಿಲ್ಲ ಎಂದು ಚಿಕ್ಕಂದಿನಲ್ಲಿ ಮುನಿಸಿಕೊಳ್ಳುತ್ತಿದ್ದೆ. ಆ ದಿನಗಳ ಸಾಲುಗಳನ್ನು ಈಗ ಓದಿದರೆ, ಆಗ ಅವರು ಯಾರ್ಯಾರದೋ ಅಪ್ಪ ಅಮ್ಮಂದಿರನ್ನು ಮನೆಗೆ ಮುಟ್ಟಿಸುತ್ತಿದ್ದರು ಎಂದು ತಿಳಿಯುತ್ತದೆ. ಅವರ ಬಗ್ಗೆ ಹೆಮ್ಮೆ ಎನಿಸುತ್ತದೆ.

ನಮ್ಮನ್ನು ಬಿಟ್ಟುಹೋದವರನ್ನು ನೆನೆಯಲು ಹಲವು ದಾರಿಗಳಿವೆ. ಅವರು ಕಲಿಸಿದ್ದನ್ನು ಮಾಡಿ ನೋಡುವುದು, ಇನ್ನೊಬ್ಬರಿಗೆ ಕಲಿಸುವುದು ನನಗೆ ಇಷ್ಟವಾದ ದಾರಿ. ನೀವೂ ಒಂದು ನೋಟ್‌ಬುಕ್ ಇಡಿ. ತಾರೀಖು, ಹೊತ್ತು, ವಿಮಾನ ಹೋದ ದಿಕ್ಕು, ಎಷ್ಟು ಮುಷ್ಟಿ, ಎಲ್ಲ ಬರೆಯಿರಿ. ನಾನು ಹೇಳಿದ್ದಕ್ಕಿಂತ ಬೇರೆ ಲೆಕ್ಕ ಬಂದರೆ ಅಳಿಸಬೇಡಿ. ವಿಮಾನ ನಿಧಾನವಾಗಿತ್ತೇ, ಗಾಳಿ ಜೋರಾಗಿತ್ತೇ, ನೆತ್ತಿಯಿಂದ ಪಕ್ಕಕ್ಕೆ ಹಾದುಹೋಯಿತೇ ಎಂದು ಯೋಚಿಸಿ. ಗೆಳೆಯರೂ ಅಳೆಯಲಿ, ಎಲ್ಲರ ಲೆಕ್ಕವನ್ನೂ ಹೋಲಿಸಿ, ನಾಳೆ ಮತ್ತೆ ಅಳೆಯಿರಿ.