ಕಾವಲಿನಲ್ಲಿ ಸಸಿ ಬೇಡ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತು)



ಸಾಫ್ಟ್‌ವೇರ್ ಬಗ್ಗೆ ನಾಲ್ಕು ಮಾತಾಡು ಎಂದಿದ್ದರು. ಅದನ್ನು ಮಕ್ಕಳು ಮೊಬೈಲಿನಲ್ಲೇ ನನಗಿಂತ ಬೇಗ ಕಲಿಯುತ್ತಾರೆ, ಬಿಡಿ. ಮಹೋತ್ಸವದ ನೆನಪಿಗೆ ಕಾವಲಿನಲ್ಲಿ ಸಾವಿರ ಸಸಿ ನೆಡೋಣ ಎಂಬ ಸಲಹೆ ನಮ್ಮ ಬ್ಯಾಚಿನ ಸಭೆಯಲ್ಲಿ ಬಂತು. ನಾನು ಬೇಡ ಎಂದೆ. ಕೆಲವರಿಗೆ ಬೇಸರವಾಗಿದೆ. ಕಾರಣವನ್ನು ಎಲ್ಲರೆದುರು ಹೇಳುವುದು ನ್ಯಾಯ.

ಕಾವಲು ಖಾಲಿ ಜಾಗವಲ್ಲ. ಅದು ಮೈಸೂರು ಅರಸರ ಕಾಲದಿಂದ ದನಗಳಿಗೆ ಮೀಸಲಾದ ಹುಲ್ಲುಗಾವಲು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಈ ತಳಿ ಹಾಲು ಕೊಡುವುದು ಕಡಿಮೆ. ಫಿರಂಗಿ ಎಳೆದರೂ ದಣಿಯುತ್ತಿರಲಿಲ್ಲ. ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಕಾವಲಿಗೆ ದನ ಹೊಡೆದುಕೊಂಡು ಹೋಗುತ್ತಿದ್ದರು. ಹಾಗಾಗಿ ಹುಲ್ಲಿಗೂ ಬಿಡುವು ಸಿಗುತ್ತಿತ್ತು. ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರ 1929ರಲ್ಲಿ ಶುರುವಾದದ್ದು.

ದನಕ್ಕೆಂದು ಉಳಿದ ಹುಲ್ಲು ಕೃಷ್ಣಮೃಗ, ತೋಳ, ಗುಳ್ಳೆನರಿಗಳನ್ನೂ ಉಳಿಸಿತು. ತರೀಕೆರೆ ಕಡೆಯ ಭದ್ರಾ ಕಾಡು 1998ರಿಂದ ಹುಲಿ ಮೀಸಲು, ಅದು ಎಲ್ಲರಿಗೂ ಗೊತ್ತು. ಕಡೂರು ತಾಲ್ಲೂಕಿನ ಬಾಸೂರು ಕಾವಲು, ಸುಮಾರು 736 ಹೆಕ್ಟೇರ್, 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವಾದದ್ದು ಎಷ್ಟು ಜನರಿಗೆ ಗೊತ್ತು? ಇಂಥ ಮೀಸಲಿನ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯವರು ಇರಬೇಕೆಂದು ಕಾನೂನೇ ಹೇಳುತ್ತದೆ.

ಕೃಷ್ಣಮೃಗಕ್ಕೆ ಕಣ್ಣೇ ಕಾವಲುಗಾರ. ದೂರದಿಂದಲೇ ತೋಳವನ್ನು ಕಂಡು ಓಡಿ ಬದುಕುವ ಪ್ರಾಣಿ ಅದು. ಅಲ್ಲಿ ನೀಲಗಿರಿಯನ್ನೋ ಅಕೇಶಿಯಾವನ್ನೋ ಸಾಲುಗಟ್ಟಿ ನೆಟ್ಟರೆ ಅದರ ಕಣ್ಣಿಗೇ ಪರದೆ ಕಟ್ಟಿದಂತೆ. ನೆರಳು ಬಿದ್ದ ಕಡೆ ಹುಲ್ಲೂ ಸೊರಗುತ್ತದೆ, ಕುರಿ ಮೇಯಿಸುವವರಿಗೂ ನಷ್ಟ. ಹಸಿರು ಎಂದರೆ ಮರ ಮಾತ್ರ ಎಂದು ನಮಗೆ ಯಾರು ಹೇಳಿಕೊಟ್ಟರೋ! ಇಂಗ್ಲೆಂಡಿನಲ್ಲಿ 1949ರ ಕಾನೂನಿನಿಂದ ಆರಂಭವಾದ ವೈಜ್ಞಾನಿಕ ಮಹತ್ವದ ತಾಣಗಳು ಈಗ ನಾಲ್ಕು ಸಾವಿರಕ್ಕೂ ಹೆಚ್ಚಿವೆ. ಅವುಗಳಲ್ಲಿ ಸುಣ್ಣಕಲ್ಲು ಗುಡ್ಡಗಳ ಬರೀ ಹುಲ್ಲೂ ಇದೆ. ಪೊದೆ ಬೆಳೆದರೆ ಕಡಿದು, ದನ ಕುರಿ ಬಿಟ್ಟು ಮೇಯಿಸುತ್ತಾರೆ. ಅದನ್ನೇ ನಮ್ಮ ಹಿರಿಯರು ಇಲ್ಲಿ ಮಾಡುತ್ತಿದ್ದರು.

ಕಾಗದದಲ್ಲಿ ‘ಪಾಳು’ ಎಂದು ಬಿದ್ದ ಜಾಗಕ್ಕೆ ಬೇಡಿಕೆ ಬರಲು ತಡವಾಗುವುದಿಲ್ಲ. ಚಳ್ಳಕೆರೆ ಕಡೆ ಕಾವಲಿನ ಸಾವಿರಾರು ಎಕರೆ ದೊಡ್ಡ ದೊಡ್ಡ ಸಂಸ್ಥೆಗಳಿಗೆ ಹೋಯಿತು. ದೇಶಕ್ಕೆ ಅವೂ ಬೇಕು, ನಾನು ಅಲ್ಲಗಳೆಯುವುದಿಲ್ಲ; ದನ ಕುರಿ ಮೇಯಿಸುತ್ತಿದ್ದವರನ್ನು ಮೊದಲು ಕೇಳಬೇಕಿತ್ತು, ಅಷ್ಟೆ.

ಹಾಗಾಗಿ ನನ್ನ ಕೋರಿಕೆ ಇಷ್ಟು. ಸಸಿಗಳನ್ನು ಶಾಲೆಯ ಬೇಲಿಗುಂಟ ನೆಡೋಣ: ಹೊಂಗೆ, ಬೇವು, ಎರಡು ನೇರಳೆ. ಗುಂಡಿ, ಗೊಬ್ಬರ, ಮೂರು ವರ್ಷದ ನೀರಿನ ಖರ್ಚು ನಮ್ಮ ಬ್ಯಾಚಿನದು. ಒಂಬತ್ತನೇ ತರಗತಿಯ ಮಕ್ಕಳನ್ನು ವರ್ಷಕ್ಕೊಮ್ಮೆ, ಅರಣ್ಯ ಇಲಾಖೆಯ ಅನುಮತಿ ಪಡೆದು, ಬಾಸೂರಿಗೆ ಕರೆದೊಯ್ಯುವ ಬಸ್ಸಿನ ಬಾಡಿಗೆಯೂ ನಮ್ಮದೇ. ವಿಜ್ಞಾನದ ಮೇಷ್ಟ್ರು ಒಪ್ಪಿದರೆ ಈ ಮಳೆಗಾಲ ಮುಗಿದ ಮೇಲೆ, ಹುಲ್ಲು ತೆನೆ ಬಿಡುವ ಹೊತ್ತಿಗೆ, ಮೊದಲ ಬಸ್ಸು ಹೊರಡಲಿ.